ಹೆಬ್ಬೆಟ್ಟಿನವರು ಕಟ್ಟಿದ ಬ್ಯಾಂಕು

ಪ್ಲಾಸ್ಟಿಕ್ ಹಾಳೆಯೊಂದನ್ನು ಕೊಳ್ಳಲು ಹಣ ಕೂಡಿಡಬೇಕೆಂಬ ಬಯಕೆಯೇ ಒಂದು ಬ್ಯಾಂಕಿನ ಹುಟ್ಟಿಗೆ ಕಾರಣವಾಯಿತೆಂದರೆ ಅಚ್ಚರಿಯಾಗಬಹುದು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮ್ಹಸವಡದಲ್ಲಿ ನಡೆದದ್ದು ಅದೇ. ಬೀದಿ ಬದಿಯಲ್ಲಿ ಕಮ್ಮಾರಿಕೆ ಮಾಡುತ್ತಿದ್ದ ಮಹಿಳೆಯೊಬ್ಬರು ಮಳೆಗಾಲದಲ್ಲಿ ತಮ್ಮ ಕುಟುಂಬಕ್ಕೆ ಮರೆಯಾಗಲೆಂದು ಆ ಹಾಳೆ ಕೊಳ್ಳಬೇಕಿತ್ತು. ದಿನವೂ ನಾಲ್ಕು ಕಾಸು ಉಳಿಸಲು ಅವರು ಸಿದ್ಧರಿದ್ದರು. ಆದರೆ ಮೊತ್ತ ತೀರಾ ಚಿಕ್ಕದೆಂದು ಬ್ಯಾಂಕಿನವರು ಖಾತೆ ತೆರೆಯಲು ಒಪ್ಪಲಿಲ್ಲ.

ಈ ಸಂಗತಿ ಚೇತನಾ ಗಾಲಾ ಸಿನ್ಹಾ ಅವರನ್ನು ಕಾಡಿತು. ಮುಂಬಯಿಯಲ್ಲಿ ಹುಟ್ಟಿ, ಅರ್ಥಶಾಸ್ತ್ರ ಓದಿ, ಜಯಪ್ರಕಾಶ ನಾರಾಯಣರ ಚಳವಳಿಯ ಪ್ರಭಾವಕ್ಕೆ ಒಳಗಾಗಿದ್ದ ಅವರು ರೈತರೊಬ್ಬರನ್ನು ವಿವಾಹವಾಗಿ ಈ ಬರಪೀಡಿತ ಊರಿಗೆ ಬಂದಿದ್ದರು. ಯಾರೂ ಖಾತೆ ಕೊಡದಿದ್ದರೆ ಮಹಿಳೆಯರದೇ ಬ್ಯಾಂಕು ಏಕಾಗಬಾರದು ಎಂಬುದು ಅವರ ಪ್ರಶ್ನೆಯಾಗಿತ್ತು.

ಸಹಕಾರಿ ಬ್ಯಾಂಕು ತೆರೆಯಲು ಸಹಕಾರ ಸಂಘಗಳ ನೋಂದಣಿಯೊಂದೇ ಸಾಲದು, ರಿಸರ್ವ್ ಬ್ಯಾಂಕಿನ ಪರವಾನಗಿಯೂ ಬೇಕು. ಮೊದಲ ಅರ್ಜಿ ತಿರಸ್ಕೃತವಾಯಿತು. ಪ್ರವರ್ತಕ ಸದಸ್ಯರಲ್ಲಿ ಕೆಲವರು ಹೆಬ್ಬೆಟ್ಟು ಒತ್ತುವವರೆಂಬುದೇ ಆಕ್ಷೇಪ. ಕಣ್ಣೀರಿನೊಂದಿಗೆ ಮರಳಿದ ಚೇತನಾ ಅವರಿಗೆ ಆ ಮಹಿಳೆಯರೇ ಧೈರ್ಯ ಹೇಳಿದರು. ದಿನದ ದುಡಿಮೆ ಮುಗಿಸಿ ಸಂಜೆ ಅಕ್ಷರ ಕಲಿಯತೊಡಗಿದರು. ಐದು ತಿಂಗಳ ನಂತರ ಮತ್ತೆ ಅರ್ಜಿ ಹೋದಾಗ ಹದಿನೈದು ಮಂದಿ ಜೊತೆಗಿದ್ದರು. ತಾವು ಬೆಳೆಯುವಾಗ ಊರಿನಲ್ಲಿ ಶಾಲೆ ಇಲ್ಲದಿದ್ದುದು ತಮ್ಮ ತಪ್ಪಲ್ಲ. ಯಾವುದೇ ಅಸಲಿಗೆ ಬಡ್ಡಿ ಎಷ್ಟೆಂದು ಕೇಳಿ, ನಿಮ್ಮ ಅಧಿಕಾರಿಗಳೂ ಕ್ಯಾಲ್ಕುಲೇಟರ್ ಇಲ್ಲದೆ ಲೆಕ್ಕ ಹಾಕಲಿ, ಯಾರು ಬೇಗ ಹೇಳುತ್ತಾರೋ ನೋಡೋಣ ಎಂದು ಅವರು ಸವಾಲೆಸೆದರು. 1997ರಲ್ಲಿ ಮಾಣ್ ದೇಶಿ ಮಹಿಳಾ ಸಹಕಾರಿ ಬ್ಯಾಂಕು ಅಸ್ತಿತ್ವಕ್ಕೆ ಬಂದಿತು. (ಹೆಸರಿನಲ್ಲಿರುವ ಮಾಣ್ ಆ ಸೀಮೆಯ ನದಿ, ನಮ್ಮ ಕಲಬುರಗಿ ಕಡೆ ಹರಿದು ಬರುವ ಭೀಮೆಯ ಉಪನದಿ.)

ನಿಜವಾದ ಪಾಠ ಆರಂಭವಾದದ್ದು ಬಾಗಿಲು ತೆರೆದ ಮೇಲೆ. ಬ್ಯಾಂಕಿಗೆ ಬಂದು ಹೋದರೆ ಒಂದು ದಿನದ ಕೂಲಿ ನಷ್ಟ ಎಂದರು ಗ್ರಾಹಕರು. ಸಿಬ್ಬಂದಿಯೇ ಮನೆ ಬಾಗಿಲಿಗೆ ಹೋಗಬೇಕಾಯಿತು. ಪಾಸ್‌ಬುಕ್ ಗಂಡನ ಕೈಗೆ ಸಿಕ್ಕರೆ ಉಳಿತಾಯದ ಗುಟ್ಟು ಬಯಲಾಗುತ್ತಿತ್ತು, ಕಾರ್ಡು ಬಂದಿತು. ಕಾರ್ಡಿಗೆ ರಹಸ್ಯ ಸಂಖ್ಯೆ ಕೊಡಲು ಹೊರಟಾಗಲೂ ಅವರು ಒಪ್ಪಲಿಲ್ಲ. ಸಂಖ್ಯೆಯನ್ನು ಯಾರಾದರೂ ತಿಳಿದುಕೊಂಡು ಹಣ ತೆಗೆದುಬಿಡಬಹುದು, ಹೆಬ್ಬೆಟ್ಟನ್ನು ಯಾರೂ ಕದಿಯಲಾರರು ಎಂಬುದು ಅವರ ವಾದ! ಪರವಾನಗಿಗೆ ಅಡ್ಡಿಯಾಗಿದ್ದ ಹೆಬ್ಬೆಟ್ಟೇ ಖಾತೆಯ ಬೀಗವಾಯಿತು.

ಆದರೆ ಸದುದ್ದೇಶವೊಂದರಿಂದಲೇ ಬ್ಯಾಂಕು ನಡೆಯದು. ಮನೆಮನೆಗೆ ಹೋಗಿ ಸಣ್ಣ ಮೊತ್ತ ಸಂಗ್ರಹಿಸುವುದು ಕೌಂಟರಿನಲ್ಲಿ ಕುಳಿತು ಪಡೆಯುವುದಕ್ಕಿಂತ ದುಬಾರಿ. ಆ ವೆಚ್ಚವನ್ನು ಸಾಲದ ಬಡ್ಡಿಯೇ ಭರಿಸಬೇಕು. ಠೇವಣಿದಾರರ ಹಣ ಕೇಳಿದಾಗ ಮರಳಿ ದೊರೆಯಲೇಬೇಕು. ಆದ್ದರಿಂದ ಸೇವಾ ಕಾರ್ಯಗಳನ್ನು 1996ರಲ್ಲಿ ಸ್ಥಾಪಿತವಾದ ಮಾಣ್ ದೇಶಿ ಫೌಂಡೇಶನ್ನಿಗೆ ವಹಿಸಿ, ಬ್ಯಾಂಕನ್ನು ಬ್ಯಾಂಕಾಗಿಯೇ ಉಳಿಸಿದ್ದು ಈ ಸಾಹಸದ ಅತ್ಯಂತ ವಿವೇಕದ ನಿರ್ಧಾರವೆನ್ನಬೇಕು. ಗ್ರಾಮೀಣ ಮಹಿಳೆಯರಿಗೆ ವ್ಯಾಪಾರ ಕಲಿಸುವ ಶಾಲೆ, ಸಮುದಾಯ ರೇಡಿಯೊ ಎಲ್ಲವೂ ಫೌಂಡೇಶನ್ನಿನವು. 2012ರ ಬರದಲ್ಲಿ ಮಹಿಳೆಯೊಬ್ಬರು ಮೇವಿಗಾಗಿ ಒಡವೆ ಅಡವಿಡಲು ಬಂದಾಗ, ಹಣ ಸಿಕ್ಕರೂ ಮೇವು ಎಲ್ಲಿದೆ ಎಂಬ ಪ್ರಶ್ನೆ ಎದುರಾಯಿತು. ಆಗ ತೆರೆದ ಗೋಶಾಲೆ ಸಾವಿರಾರು ಜಾನುವಾರುಗಳೊಂದಿಗೆ ಸುಮಾರು ಒಂದೂವರೆ ವರ್ಷ ನಡೆಯಿತು.

ಚೇತನಾ ಅವರು 2018ರಲ್ಲಿ ದಾವೋಸ್‌ನ ವಿಶ್ವ ಆರ್ಥಿಕ ವೇದಿಕೆಯ ಸಮಾವೇಶಕ್ಕೆ ಸಹ ಅಧ್ಯಕ್ಷರಲ್ಲೊಬ್ಬರಾಗಿದ್ದರು.