ಹನ್ನೊಂದು ಮೀಟರಿನ ದೂರ

೧೯೯೪ರ ಜುಲೈ ೧೭. ಅಮೆರಿಕದ ಲಾಸ್ ಏಂಜಲೀಸಿಗೆ ಸಮೀಪದ ಪ್ಯಾಸಡೀನಾ ಪಟ್ಟಣದ ರೋಸ್ ಬೌಲ್ ಕ್ರೀಡಾಂಗಣದಲ್ಲಿ ೯೪,೦೦೦ಕ್ಕೂ ಮಿಕ್ಕ ಜನ ನೆರೆದಿದ್ದರು. ನಡುಹಗಲಿನ ಉರಿಬಿಸಿಲು. ವಿಶ್ವಕಪ್ ಫುಟ್‌ಬಾಲಿನ ಅಂತಿಮ ಪಂದ್ಯದಲ್ಲಿ ಬ್ರೆಜಿಲ್ ಮತ್ತು ಇಟಲಿ ೧೨೦ ನಿಮಿಷ ಸೆಣಸಿದರೂ ಯಾರಿಗೂ ಒಂದು ಗೋಲೂ ದಕ್ಕಲಿಲ್ಲ. ವಿಶ್ವಕಪ್ಪಿನ ಅಂತಿಮ ಪಂದ್ಯವೊಂದು ಪೆನಾಲ್ಟಿ ಒದೆತಗಳಿಂದ ತೀರ್ಮಾನವಾಗಬೇಕಾಗಿ ಬಂದುದು ಅದೇ ಮೊದಲು.

ಪೆನಾಲ್ಟಿ ಎಂಬುದು ನೋಡುವವರ ಕಣ್ಣಿಗೆ ಸುಲಭದ ಕೆಲಸ. ಚೆಂಡು ಗೋಲಿನಿಂದ ೧೧ ಮೀಟರ್ ದೂರದಲ್ಲಿ ಅಲುಗಾಡದೆ ಕುಳಿತಿರುತ್ತದೆ. ಎದುರಿಗೆ ೭.೩೨ ಮೀಟರ್ ಅಗಲದ, ೨.೪೪ ಮೀಟರ್ ಎತ್ತರದ ಬಾಗಿಲು; ಕಾಯುವವನು ಒಬ್ಬನೇ. ಆದರೆ ಅಷ್ಟು ಹೊತ್ತು ಹನ್ನೊಂದು ಜನ ಹಂಚಿಕೊಂಡಿದ್ದ ಹೊಣೆಯೆಲ್ಲ ಆ ಗಳಿಗೆಯಲ್ಲಿ ಒಬ್ಬನ ಹೆಗಲಿಗೇರುತ್ತದೆ. ಗೋಲಾದರೆ, ಅದು ಆಗಲೇಬೇಕಾಗಿದ್ದುದು ಎನ್ನುತ್ತಾರೆ. ತಪ್ಪಿದರೆ ಆಯುಷ್ಯವಿಡೀ ಆಡಿಕೊಳ್ಳುತ್ತಾರೆ.

ಇಟಲಿಯ ಐದನೆಯ ಒದೆತಕ್ಕೆ ಬಂದವನು ರಾಬರ್ಟೊ ಬಾಜಿಯೊ. ವಿಚೆಂಜಾ ನಗರದ ಬಳಿಯ ಕಾಲ್ದೋನ್ಯೊ ಎಂಬ ಊರಿನಲ್ಲಿ ೧೯೬೭ರಲ್ಲಿ ಹುಟ್ಟಿದವನು; ಹದಿನೆಂಟರ ಹರೆಯದಲ್ಲೇ ಮೊಣಕಾಲು ಮುರಿದುಕೊಂಡು, ಇವನ ಆಟ ಮುಗಿಯಿತೆಂದು ಜನ ಆಡಿಕೊಂಡ ಮೇಲೂ ಎದ್ದು ಬಂದವನು. ಕ್ಯಾಥೊಲಿಕ್ ನಾಡಿನಲ್ಲಿ ಬೆಳೆದೂ ಬೌದ್ಧಧರ್ಮವನ್ನು ಅಪ್ಪಿಕೊಂಡು ನಿತ್ಯ ಜಪಕ್ಕೆ ಕೂರುತ್ತಿದ್ದ ಈತನ ಹಿಂಜಡೆಯೂ ಆತನ ಆಟದಷ್ಟೇ ಪ್ರಸಿದ್ಧವಾಗಿತ್ತು. ಯೂರೋಪಿನ ವರ್ಷದ ಶ್ರೇಷ್ಠ ಆಟಗಾರನಿಗೆ ಆಗ ಸಲ್ಲುತ್ತಿದ್ದ 'ಸುವರ್ಣ ಚೆಂಡು' ೧೯೯೩ರಲ್ಲಿ ಈತನ ಕೈಸೇರಿತ್ತು.

ಆ ವಿಶ್ವಕಪ್ಪಿನಲ್ಲಿ ಇಟಲಿ ಅಂತಿಮ ಪಂದ್ಯ ತಲುಪಿದುದಕ್ಕೂ ಮುಖ್ಯವಾಗಿ ಇವನೇ ಕಾರಣ. ಸೋತವರು ಮನೆಗೆ ತೆರಳುವ ಹಂತದಲ್ಲಿ ನೈಜೀರಿಯದ ಎದುರು ಇಟಲಿ ಒಂದು ಗೋಲು ಹಿಂದಿತ್ತು. ಹತ್ತೇ ಜನ ಉಳಿದಿದ್ದರು. ಪಂದ್ಯ ಮುಗಿಯಲು ಎರಡು ನಿಮಿಷವಿದ್ದಾಗ ಬಾಜಿಯೊ ಗೋಲು ಹೊಡೆದ; ಹೆಚ್ಚುವರಿ ಅವಧಿಯಲ್ಲಿ ಪೆನಾಲ್ಟಿಯೊಂದರಿಂದ ಗೆಲ್ಲಿಸಿದ. ಸ್ಪೇನಿನ ಎದುರೂ ಕೊನೆಯ ನಿಮಿಷಗಳಲ್ಲಿ ಗೆಲುವಿನ ಗೋಲು ಅವನದೇ. ಉಪಾಂತ್ಯದಲ್ಲಿ ಬಲ್ಗೇರಿಯದ ಎದುರು ಎರಡು. ಆ ಮೂರು ಪಂದ್ಯಗಳಲ್ಲಿ ಇಟಲಿ ಗಳಿಸಿದ ಆರು ಗೋಲುಗಳಲ್ಲಿ ಐದು ಈತನವು. (ಆರನೆಯದೂ ಒಬ್ಬ ಬಾಜಿಯೊನದೇ, ಆದರೆ ಆ ಡೀನೊ ಬಾಜಿಯೊ ಈತನಿಗೆ ನೆಂಟನಲ್ಲ.) ಉಪಾಂತ್ಯದಲ್ಲೇ ತೊಡೆಯ ಹಿಂಬದಿಯ ಸ್ನಾಯು ಸೆಳೆದುಕೊಂಡು ಆತ ಮೈದಾನ ಬಿಡಬೇಕಾಯಿತು. ನಾಲ್ಕೇ ದಿನಗಳಲ್ಲಿ, ಖಂಡದ ಆ ತೀರದಿಂದ ಈ ತೀರಕ್ಕೆ ಪಯಣಿಸಿ, ಅದೇ ಕಾಲಿನಲ್ಲಿ ೧೨೦ ನಿಮಿಷ ಆಡಿದ ಮೇಲೆ ಈ ಒದೆತದ ಸರದಿ ಬಂದಿತು.

ಎದುರಾಳಿ ಗೋಲಿ ತಫರೆಲ್ ಯಾವುದಾದರೊಂದು ಬದಿಗೆ ಹಾರುವುದು ಖಚಿತವೆಂದು ಬಾಜಿಯೊ ಲೆಕ್ಕ ಹಾಕಿದ್ದ. ಗೋಲಿನ ನಡುವಿಗೆ, ಕಾಲಿಗೂ ಎಟುಕದ ಎತ್ತರದಲ್ಲಿ ಹೊಡೆದರೆ ತಡೆಯುವವರಿಲ್ಲ. ಲೆಕ್ಕವೇನೋ ಸರಿಯಾಗಿಯೇ ಇತ್ತು. ತಫರೆಲ್ ಬದಿಗೆ ಹಾರಿದ. ಚೆಂಡು ಮಾತ್ರ ಅಡ್ಡಕಂಬದ ಮೇಲಿಂದ ಆಕಾಶಕ್ಕೆ ಹೋಯಿತು. ಬ್ರೆಜಿಲಿನವರು ಕುಣಿದಾಡುತ್ತಿದ್ದಾಗ ಆತ ಚೆಂಡಿಟ್ಟ ತಾಣದ ಬಳಿ ಸೊಂಟದ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ ನಿಂತೇ ಇದ್ದ. ಆ ಚಿತ್ರ ಜಗತ್ತನ್ನೆಲ್ಲ ಸುತ್ತಿತು.

ನ್ಯಾಯವಾಗಿ ನೋಡಿದರೆ, ಸೋಲಿಗೆ ಆತನೊಬ್ಬನೇ ಹೊಣೆಯಲ್ಲ. ಅವನಿಗಿಂತ ಮೊದಲೇ ನಾಯಕ ಬಾರೇಸಿ ಚೆಂಡನ್ನು ಹೀಗೆಯೇ ಮೇಲಕ್ಕೆ ಹಾರಿಸಿದ್ದ. ಮಸ್ಸಾರೊನ ಒದೆತವನ್ನು ತಫರೆಲ್ ತಡೆದಿದ್ದ. ಬಾಜಿಯೊ ಗೋಲು ಹೊಡೆದಿದ್ದರೂ ಬ್ರೆಜಿಲಿಗೆ ಇನ್ನೊಂದು ಒದೆತ ಬಾಕಿಯಿತ್ತು. ಅದು ಒಳಹೊಕ್ಕಿದ್ದರೆ ಕಪ್ಪು ಅವರದೇ. ಆದರೆ ಜನರ ನೆನಪು ಲೆಕ್ಕದ ಪುಸ್ತಕವಲ್ಲ. ಕೊನೆಗೆ ತಪ್ಪಿದವನೇ ತಪ್ಪಿದವನಾಗಿ ಉಳಿದ.

ಮುಂದಿನ ವರ್ಷಗಳು ಸುಖದವಾಗಿರಲಿಲ್ಲ. ಯುವೆಂಟಸ್ ತಂಡದೊಡನೆ ೧೯೯೫ರಲ್ಲೂ, ಮಿಲಾನ್ ತಂಡದೊಡನೆ ೧೯೯೬ರಲ್ಲೂ ಇಟಲಿಯ ಲೀಗ್ ಪ್ರಶಸ್ತಿ ಬಂದಿತು, ನಿಜ. ಆದರೆ ೧೯೯೬ರ ಯೂರೋಪಿಯನ್ ಪಂದ್ಯಾವಳಿಗೆ ತರಬೇತುದಾರ ಸಾಕ್ಕಿ ಆತನನ್ನು ಕರೆಯಲೇ ಇಲ್ಲ. ದೊಡ್ಡ ತಂಡಗಳ ಬೆಂಚಿನ ಮೇಲೆ ಕೂರುವುದಕ್ಕಿಂತ ಸಣ್ಣ ತಂಡದಲ್ಲಿ ಆಡುವುದೇ ಮೇಲೆಂದು ೧೯೯೭ರಲ್ಲಿ ಆತ ಬೊಲೋನ್ಯಾ ಸೇರಿದ. ಆ ಒಂದು ಋತುವಿನ ಲೀಗಿನಲ್ಲಿ ೨೨ ಗೋಲು ಹೊಡೆದ. ರಾಷ್ಟ್ರೀಯ ತಂಡದ ಬಾಗಿಲು ಮತ್ತೆ ತೆರೆಯಿತು.

೧೯೯೮ರ ಜೂನ್ ೧೧, ಫ್ರಾನ್ಸಿನ ಬೋರ್ಡೊ ನಗರ. ವಿಶ್ವಕಪ್ಪಿನಲ್ಲಿ ಇಟಲಿಗೆ ಮೊದಲ ಪಂದ್ಯ, ಚಿಲಿಯ ಎದುರು. ಬಾಜಿಯೊ ಕೊಟ್ಟ ಚೆಂಡಿನಿಂದ ವಿಯೆರಿ ಗೋಲು ಹೊಡೆದರೂ ಚಿಲಿಯ ಸಾಲಾಸ್ ಎರಡು ಗೋಲು ಬಾರಿಸಿ ಲೆಕ್ಕ ತಿರುಗಿಸಿದ್ದ. ಪಂದ್ಯ ಮುಗಿಯಲು ಐದಾರು ನಿಮಿಷವಿದೆಯೆನ್ನುವಾಗ ಬಾಜಿಯೊ ಬಾರಿಸಿದ ಚೆಂಡು ಚಿಲಿಯ ರಕ್ಷಕನೊಬ್ಬನ ಕೈಗೆ ತಾಕಿತು. ಪೆನಾಲ್ಟಿ!

ಒದೆಯಬೇಕಾದವನು ಯಾರು? ತಂಡದಲ್ಲಿ ಬೇರೆಯವರು ಇರಲಿಲ್ಲವೆಂದಲ್ಲ. ಬಾಜಿಯೊ ಮೊಣಕಾಲುಗಳ ಮೇಲೆ ಕೈಯೂರಿ, ಬಾಗಿ, ನೆಲ ನೋಡುತ್ತ ಕೆಲ ಹೊತ್ತು ಹಾಗೆಯೇ ಇದ್ದ. ನಾಲ್ಕು ವರ್ಷಗಳ ಹಿಂದಿನ ಚೆಂಡು ಇನ್ನೂ ಗಾಳಿಯಲ್ಲೇ ಇದ್ದಂತೆ ಇಟಲಿಯ ಮನೆಮನೆಗಳಲ್ಲಿ ಜನ ಉಸಿರು ಬಿಗಿಹಿಡಿದಿರಬೇಕು. ಆತ ನೆಟ್ಟಗೆ ನಿಂತ, ಓಡಿಬಂದ, ಒದ್ದ. ಚೆಂಡು ಬಲೆ ಸೇರಿತು. ಪಂದ್ಯ ಎರಡು-ಎರಡರಲ್ಲಿ ಸಮವಾಯಿತು. ೧೯೯೦, ೧೯೯೪, ೧೯೯೮ — ಹೀಗೆ ಮೂರು ವಿಶ್ವಕಪ್ಪುಗಳಲ್ಲಿ ಗೋಲು ಗಳಿಸಿದ ಮೊದಲ ಇಟಾಲಿಯನ್ ಎಂಬ ಹಿರಿಮೆಯೂ ಆ ಒದೆತದೊಂದಿಗೇ ಬಂದಿತು.

ಇನ್ನೂ ಒಂದು ಪರೀಕ್ಷೆ ಉಳಿದಿತ್ತು. ಜುಲೈ ೩ರಂದು ಪ್ಯಾರಿಸ್ಸಿನ ಬಳಿಯ ಸೇಂಟ್ ಡೆನಿಸ್ಸಿನಲ್ಲಿ ಫ್ರಾನ್ಸಿನೊಡನೆ ಪಂದ್ಯ. ಮತ್ತೆ ಗೋಲಿಲ್ಲ, ಮತ್ತೆ ಪೆನಾಲ್ಟಿ. ಇಟಲಿಯ ಪರವಾಗಿ ಮೊದಲಿಗನಾಗಿ ನಡೆದುಹೋದವನು ಬಾಜಿಯೊನೇ. ಹೊಡೆದ, ಗೋಲಾಯಿತು. ಆದರೆ ಇಟಲಿಯ ಕೊನೆಯ ಒದೆತ ಅಡ್ಡಕಂಬಕ್ಕೆ ಬಡಿದು ಹೊರಬಿದ್ದಿತು. ಆ ಸಲದ ನತದೃಷ್ಟ ಲುಯಿಜಿ ದಿ ಬಿಯಾಜೊ. ವಿಧಿಯ ವಿನೋದವೋ ಏನೋ, ಹೆಸರೂ ಹೆಚ್ಚುಕಡಿಮೆ ಹಾಗೆಯೇ ಕೇಳಿಸುತ್ತದೆ. ಎರಡು ವರ್ಷಗಳ ಅನಂತರ, ೨೦೦೦ದ ಜೂನ್ ೨೯ರಂದು, ಯೂರೋಪಿಯನ್ ಪಂದ್ಯಾವಳಿಯ ಉಪಾಂತ್ಯದಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹಾಲೆಂಡಿನ ಎದುರು ಇಟಲಿಗೆ ಮತ್ತೆ ಪೆನಾಲ್ಟಿಯ ಪ್ರಸಂಗ ಒದಗಿದಾಗ ಮೊದಲು ಹೋಗಿ ಗೋಲು ಹೊಡೆದವನು ಇದೇ ಲುಯಿಜಿ. ಅಂದು ಇಟಲಿ ಗೆದ್ದಿತು.

ಪ್ಯಾಸಡೀನಾದ ಒದೆತವನ್ನು ಬಾಜಿಯೊ ಮರೆತನೆಂದು ಯಾರೂ ಭಾವಿಸಬೇಕಾಗಿಲ್ಲ. ಅದು ವರ್ಷಗಟ್ಟಲೆ ತನ್ನನ್ನು ಕಾಡಿತೆಂದೂ, ಇನ್ನೂ ಕನಸಿನಲ್ಲಿ ಬರುತ್ತದೆಂದೂ ಆತನೇ ಒಪ್ಪಿಕೊಂಡಿದ್ದಾನೆ. ಆದರೂ ಆಟ ಬಿಡಲಿಲ್ಲ. ಬ್ರೆಶಾ ಎಂಬ ಸಾಧಾರಣ ತಂಡಕ್ಕಾಗಿ ನಾಲ್ಕು ವರ್ಷ ಆಡಿ, ಇಟಲಿಯ ಮೇಲ್ದರ್ಜೆಯ ಲೀಗಿನಲ್ಲಿ ತನ್ನ ಗೋಲುಗಳ ಸಂಖ್ಯೆಯನ್ನು ೨೦೫ಕ್ಕೆ ಏರಿಸಿದ. ೨೦೦೪ರ ಮೇ ೧೬ರಂದು ಮಿಲಾನಿನ ಸ್ಯಾನ್ ಸಿರೊ ಕ್ರೀಡಾಂಗಣದಲ್ಲಿ ಕೊನೆಯ ಬಾರಿಗೆ ಮೈದಾನ ಬಿಟ್ಟು ಹೊರನಡೆದಾಗ, ಎದುರಾಳಿ ತಂಡದ ಅಭಿಮಾನಿಗಳೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆತ ತೊಟ್ಟಿದ್ದ ೧೦ನೆಯ ಸಂಖ್ಯೆಯ ಅಂಗಿಯನ್ನು ಬ್ರೆಶಾ ತಂಡ ಆತನ ಗೌರವಾರ್ಥ ಎತ್ತಿಟ್ಟಿತು.