ಕಾಶಿಯಾತ್ರೆ, ಖಿನ್ನತೆಯ ಮಾತ್ರೆ ಮತ್ತು ಎದೆಬಡಿತ

ಕಾಶಿಯ ಬಂಗಾಲಿ ಟೋಲಾದ ಗಲ್ಲಿಗಳೊಳಗೆ ಕಾರು ಬಾರದು, ಆಂಬುಲೆನ್ಸೂ ಬಾರದು. ನಮ್ಮ ಕಡೆಯ ಯಾತ್ರಿಕರು ತಂಗುವ ಜಂಗಮವಾಡಿ ಮಠ ಅಲ್ಲೇ ಆಸುಪಾಸಿನಲ್ಲಿದೆ. ಅರವತ್ತು ದಾಟಿದ ಯಾತ್ರಿಕರ ಚೀಲದಲ್ಲಿ ಬಿಪಿ, ಶುಗರ್ ಮಾತ್ರೆಗಳ ಜೊತೆಗೆ, ಮನೆಯವರು ‘ನಿದ್ದೆ ಮಾತ್ರೆ’ ಎನ್ನುವ ಎಸಿಟಲೋಪ್ರಾಮ್ ಕೂಡ ಇರುವುದುಂಟು. ಅದು ನಿದ್ದೆಯ ಮಾತ್ರೆಯಲ್ಲ, ಖಿನ್ನತೆಯ ಔಷಧ.

‘ಮನಸ್ಸಿನ ಮಾತ್ರೆ ಹೃದಯ ಕೆಡಿಸುತ್ತದೆ, ಊರಿಗೆ ಬರುವ ತನಕ ಬಿಟ್ಟುಬಿಡಿ’ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಇದು ಅಪಾಯದ ಮಾತು. ದಿಢೀರನೆ ನಿಲ್ಲಿಸಿದರೆ ತಲೆಸುತ್ತು, ನಿದ್ರಾಭಂಗ, ಚಡಪಡಿಕೆ ಶುರುವಾಗಬಹುದು, ಖಿನ್ನತೆ ಮರುಕಳಿಸಬಹುದು. ಖಿನ್ನತೆಯೂ ಹೃದಯಕ್ಕೆ ಹಗೆಯೇ. ಹೃದಯಾಘಾತವಾದವರಲ್ಲಿ ಖಿನ್ನತೆ ಇದ್ದವರು ಮುಂದಿನ ಆರು ತಿಂಗಳಲ್ಲಿ ಸಾಯುವ ಸಂಭವ ಹೆಚ್ಚೆಂದು ಮಾಂಟ್ರಿಯಲ್‌ನ ಸಂಶೋಧಕರು 1993ರಲ್ಲೇ ತೋರಿಸಿದರು.

ಹಾಗೆಂದು ಭಯಕ್ಕೆ ಆಧಾರವೇ ಇಲ್ಲವೆನ್ನಲಾಗದು. ಪ್ರತಿ ಬಡಿತದ ನಂತರ ಹೃದಯದ ಜೀವಕೋಶಗಳು ಪೊಟ್ಯಾಸಿಯಂ ಹೊರಬಿಟ್ಟು ಮುಂದಿನ ಬಡಿತಕ್ಕೆ ಅಣಿಯಾಗುತ್ತವೆ. ಕೆಲವು ಔಷಧಗಳು ಆ ದಾರಿಯನ್ನು ಅಡ್ಡಗಟ್ಟುತ್ತವೆ. ಆಗ ಇಸಿಜಿಯಲ್ಲಿ ‘ಕ್ಯೂಟಿ’ ಎಂಬ ಅಂತರ ಹಿಗ್ಗುತ್ತದೆ. ಅತಿಯಾದರೆ ಲಯ ತಪ್ಪಿ ಪ್ರಜ್ಞೆ ಹೋಗಬಹುದು, ಅಪರೂಪಕ್ಕೆ ಪ್ರಾಣವೂ. ಈ ಕಾರಣಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲಿ ಖಿನ್ನತೆಯ ಔಷಧ ಸಿಟಲೋಪ್ರಾಮ್ ದಿನಕ್ಕೆ 40 ಮಿಲಿಗ್ರಾಂ ಮೀರಬಾರದೆಂದಿತು. 2012ರಲ್ಲಿ, 60 ದಾಟಿದವರಿಗೆ 20 ಸಾಕು ಎಂದಿತು. ಅದರ ಸೋದರ ಎಸಿಟಲೋಪ್ರಾಮ್‌ನಲ್ಲೂ ಈ ಗುಣ ಸ್ವಲ್ಪ ಇದೆ. ನರನೋವಿಗೂ ಕೊಡುವ ಹಳೆಯ ಅಮಿಟ್ರಿಪ್ಟಿಲಿನ್ ಪ್ರಮಾಣ ಮೀರಿದರೆ ಬಹಳ ಅಪಾಯಕಾರಿ. ಸರ್ಟ್ರಲಿನ್ ಮಾತ್ರ ಸೌಮ್ಯ: ಹೃದಯಾಘಾತ ಅಥವಾ ತೀವ್ರ ಎದೆನೋವಿಗೆ ಒಳಗಾಗಿದ್ದ 369 ಖಿನ್ನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಹೃದಯಕ್ಕೆ ಕೇಡು ಮಾಡಿದ್ದು ಕಾಣಲಿಲ್ಲ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

ಯಾತ್ರೆಯಲ್ಲಿ ನಾನು ನಿಜಕ್ಕೂ ಹೆದರುವುದು ಭೇದಿಗೆ. ವಾಂತಿಭೇದಿಯಲ್ಲಿ ಪೊಟ್ಯಾಸಿಯಂ ಸೋರಿಹೋಗುತ್ತದೆ; ರಕ್ತದಲ್ಲಿ ಅದು ಇಳಿದರೂ ಕ್ಯೂಟಿ ಹಿಗ್ಗುತ್ತದೆ. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿದ್ದರೆ ಇನ್ನಷ್ಟು. ಆ ಹೊತ್ತಿಗೆ ಅಂಗಡಿಯಿಂದ ತಂದ ಅಜಿಥ್ರೋಮೈಸಿನ್, ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಕೂಡ ಕ್ಯೂಟಿ ಹಿಗ್ಗಿಸುವ ಮಾತ್ರೆಗಳೇ. ಒಂದೊಂದೂ ಬಿಡಿಯಾಗಿ ಸಾಮಾನ್ಯವಾಗಿ ನಿರಪಾಯ. ಎಸಿಟಲೋಪ್ರಾಮ್ ಸೇವಿಸುವ, ನೀರು ಬತ್ತಿದ ವೃದ್ಧೆಯ ಮೈಯಲ್ಲಿ ಮೂರೂ ಸೇರಿದರೆ ಕಥೆ ಬೇರೆ. ಹೆಂಗಸರಿಗೆ ಈ ಅಪಾಯ ಗಂಡಸರಿಗಿಂತ ಹೆಚ್ಚು.

‘ಗಿಡಮೂಲಿಕೆಗೆ ಅಡ್ಡಪರಿಣಾಮವಿಲ್ಲ’ ಎಂಬ ನಂಬಿಕೆಯೂ ಸುಳ್ಳು. ಹುಚ್ಚಿಗೂ ರಕ್ತದೊತ್ತಡಕ್ಕೂ ಬಳಕೆಯಾದ ಸರ್ಪಗಂಧದ ಬೇರಿನಿಂದ 1931ರಲ್ಲಿ ರಸಾಯನಶಾಸ್ತ್ರಜ್ಞ ಸಲೀಮುಜ್ಜಮಾನ್ ಸಿದ್ದಿಕಿ ಬೇರ್ಪಡಿಸಿದ ಅಜ್ಮಲಿನ್ ನೇರವಾಗಿ ಹೃದಯದ ಲಯದ ಮೇಲೆ ಕೆಲಸ ಮಾಡುತ್ತದೆ. ಅದೇ ಬೇರಿನ ರಿಸರ್ಪಿನ್ ಬಡಿತವನ್ನು ನಿಧಾನಿಸುತ್ತದೆ, ಕೆಲವರಲ್ಲಿ ಮನಸ್ಸನ್ನೂ ಕುಗ್ಗಿಸುತ್ತದೆ.

ಎದೆ ಡವಡವ ಎಂದ ಮಾತ್ರಕ್ಕೆ ಮಾತ್ರೆಯನ್ನು ದೂರಬೇಡಿ, ಆತಂಕದಲ್ಲೂ ಹಾಗಾಗುತ್ತದೆ. ಹಠಾತ್ತನೆ ಕಣ್ಣು ಕತ್ತಲಿಟ್ಟು ಬಿದ್ದರೆ ಮಾತ್ರ ಒಂದು ಕ್ಷಣವೂ ಕಾಯದೆ ಎತ್ತಿಕೊಂಡು ಮುಖ್ಯರಸ್ತೆಗೆ ತನ್ನಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ (ಬಿಎಚ್‌ಯು) ಸರ್ ಸುಂದರ್‌ಲಾಲ್ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಹೊರಡುವ ಮುನ್ನವೇ ಊರಿನಲ್ಲಿ ಒಂದು ಇಸಿಜಿ ತೆಗೆಸಿ, ವೈದ್ಯರ ಚೀಟಿ ಜೇಬಿನಲ್ಲಿಟ್ಟುಕೊಳ್ಳಿ. ಭೇದಿಯಾದರೆ ಮೊದಲು ಓಆರ್‌ಎಸ್. ಅದರಲ್ಲಿ ಪೊಟ್ಯಾಸಿಯಂ ಇದೆ. ಅಂಗಡಿಯವನಿಗೆ ಚೀಟಿ ತೋರಿಸದೆ ಹೊಸ ಮಾತ್ರೆ ಕೊಳ್ಳಬೇಡಿ.