ಬೇಟೆಯ ಮಾನ ಕಳೆದ ಜೀಪು

ಪಿರಿಯಾಪಟ್ಟಣದಿಂದ ನಾಗರಹೊಳೆ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿ ಒಂದು ತೋಟದ ಮನೆ. ಹೊಗೆಸೊಪ್ಪಿನ ಬ್ಯಾರನ್ ಪಕ್ಕದ ಕೊಟ್ಟಿಗೆಯಲ್ಲಿ ಆ ಜೀಪು ನಿಂತಿದೆ. ಮಿಲಿಟರಿ ಹಸಿರು ಬಣ್ಣ ಮಾಸಿ ಬೂದಿಯಾಗಿದೆ. ಸ್ಟೀರಿಂಗ್ ಎಡಗಡೆಗಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆ ವಿಲೇವಾರಿ ಮಾಡಿದ ವಿಲ್ಲೀಸ್ ಗಾಡಿ ಅದು. ಮನೆಯ ಯಜಮಾನರ ತಂದೆ ಹರಾಜಿನಲ್ಲಿ ಹಿಡಿದದ್ದಂತೆ. ಹಳೆಯ ಗಾಡಿ ಎಲ್ಲಿದೆ ಎಂದರೂ ಹೋಗಿ ನೋಡುವ ಆಸೆ ನನ್ನದು. ಬಾನೆಟ್ ಎತ್ತಿಸಬೇಕೆಂದು ಬಗ್ಗಿದವನ ಕಣ್ಣು ಮುಂದಿನ ಗಾಜಿನ ಚೌಕಟ್ಟಿನ ಒಳಮೈಗೆ ಬಿತ್ತು. ಅಲ್ಲಿ ಅಡ್ಡಲಾಗಿ ಕೋವಿ ಸಿಕ್ಕಿಸಿಡುವ ಕಬ್ಬಿಣದ ಹಿಡಿಕೆ ಇತ್ತು.

ಅದು ಆಮೇಲೆ ಯಾರೋ ಬೆಸುಗೆ ಹಾಕಿಸಿದ್ದಲ್ಲ. ಯುದ್ಧಕ್ಕೆಂದು ತಯಾರಾದ ವಿಲ್ಲೀಸ್ ಜೀಪುಗಳಲ್ಲಿ ಸೈನಿಕನ ರೈಫಲ್ ಕೈಗೆಟಕುವಂತಿರಲಿ ಎಂದು ಅಲ್ಲೇ ಜಾಗ ಮಾಡಿರುತ್ತಿದ್ದರು. ಗಾಜಿನ ಚೌಕಟ್ಟನ್ನು ಪೂರ್ತಿ ಮುಂದಕ್ಕೆ ಮಡಚಿ ಬಾನೆಟ್ ಮೇಲೆ ಮಲಗಿಸಬಹುದು. ಗೇರ್ ಕಡ್ಡಿಯ ಪಕ್ಕದಲ್ಲಿ ಇನ್ನೆರಡು ಸಣ್ಣ ಕಡ್ಡಿಗಳಿವೆ. ಒಂದು ಮುಂದಿನ ಚಕ್ರಗಳಿಗೂ ಶಕ್ತಿ ಕೊಡುವುದು, ಇನ್ನೊಂದು ಗಾಡಿಯನ್ನು ನಿಧಾನಗತಿಯ ಭಾರೀ ಎಳೆತಕ್ಕೆ ಇಳಿಸುವುದು. 60 ಅಶ್ವಶಕ್ತಿಯ ಈ ಪುಟ್ಟ ಗಾಡಿ ಕೆಸರು, ಹಳ್ಳ, ದಿಬ್ಬ ಎನ್ನದೆ ನುಗ್ಗಿದ್ದು ಆ ಕಡ್ಡಿಗಳ ಬಲದಿಂದ. ಅಮೆರಿಕದಲ್ಲಿ ಇಂದು ಬೇಟೆಗೆ ಹೋಗುವವರು ಬಳಸುವ, ಎಂಥ ನೆಲದಲ್ಲೂ ಓಡುವ ನಾಲ್ಕು ಚಕ್ರದ ಎಟಿವಿಗೆ ಇಲ್ಲಿಯ ಹಿರಿಯಣ್ಣ ಎಂದರೆ ಇದೇ.

ಚಾಲಕನ ಸೀಟಿನ ಹಿಂದೆ ಬ್ಯಾಟರಿಯಿಂದ ಎಳೆದ ಒಂದು ವೈರ್ ಇನ್ನೂ ನೇತಾಡುತ್ತಿದೆ. ಕೈಯಲ್ಲಿ ಹಿಡಿದು ತಿರುಗಿಸುವ ದೊಡ್ಡ ದೀಪ ಅದರ ತುದಿಯಲ್ಲಿತ್ತಂತೆ. ತಂದೆಗೆ ಕೋವಿಯ ಲೈಸೆನ್ಸ್ ಇತ್ತು, ರಾತ್ರಿ ಹೊತ್ತು ಹಂದಿ, ಕಡವೆ ಹುಡುಕಿಕೊಂಡು ಗಾಡಿಯಲ್ಲೇ ಹೋಗುತ್ತಿದ್ದರು, ಆಮೇಲೆ ತಾವಾಗಿಯೇ ಬಿಟ್ಟರು ಎಂದು ಯಜಮಾನರು ಹೇಳಿದರು. ಯಾಕೆ ಬಿಟ್ಟರು ಎಂದು ಕೇಳಿದೆ. ‘ಗಾಡೀಲಿ ಕೂತ್ಕೊಂಡು ಹೊಡ್ದಿದ್ನ ನಾಕು ಜನದ ಮುಂದೆ ಹೇಳ್ಕೊಳ್ಳೋಕಾಯ್ತಿರ್ಲಿಲ್ಲ ಸ್ವಾಮಿ’ ಎಂದರು.

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ಈ ಸೀಮೆಯ ಬೇಟೆಯ ಚರಿತ್ರೆ ಓದುಗರಿಗೆ ಗೊತ್ತಿರುವುದೇ. ನಾಗರಹೊಳೆ, ಕಾಕನಕೋಟೆ ಎಲ್ಲ ಮೈಸೂರು ಅರಸರ ಬೇಟೆಯ ಕಾಡುಗಳು. ಕಾಡಾನೆಗಳನ್ನು ಅಟ್ಟಿ ಹಿಡಿಯುವ ಕಾಕನಕೋಟೆಯ ಖೆಡ್ಡಾ ನೋಡಲು ವೈಸ್‌ರಾಯ್‌ಗಳು ಬಂದು ಹೋದರು. ಕಾರಾಪುರದ ಮಾವುತನ ಮಗ ಸಾಬು 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ತಿಗೇ ಪರಿಚಿತನಾದ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಬಿನಿ ಅಣೆಕಟ್ಟು ಬಂದು ಹಳೆಯ ಕಾಡಿನ ದೊಡ್ಡ ಭಾಗ ನೀರಿನಡಿ ಸೇರಿತು. ಕಾರಾಪುರದ ಬೇಟೆ ಬಂಗಲೆಗಳಲ್ಲಿ ಇಂದು ಜಂಗಲ್ ಲಾಡ್ಜಸ್‌ನ ಪ್ರವಾಸಿಗರಿದ್ದಾರೆ. ಅರಸರ ಆ ಕಾಲದಲ್ಲಿ ಎಲ್ಲಿಗೂ ಹೋಗಬಲ್ಲ ವಾಹನವೆಂದರೆ ಆನೆಯೇ. ಹೆಜ್ಜೆ ಹಿಡಿಯುವವರು, ತಮಟೆ ಬಡಿದು ಕಾಡು ಸೋವುವವರು, ಮಾವುತರು ಎಲ್ಲರೂ ಜೇನುಕುರುಬರು, ಬೆಟ್ಟಕುರುಬರು, ಸುತ್ತಲ ಹಳ್ಳಿಗರು. ಪ್ರಾಣಕ್ಕೆ ಕುತ್ತು ಅವರಿಗೆ, ಹೆಸರು ಅಟ್ಟಣೆಯ ಮೇಲೆ ಕೂತವರಿಗೆ. ಆ ಬೇಟೆಯನ್ನು ಹೊಗಳುವ ಮನಸ್ಸು ನನಗಿಲ್ಲ. ಆದರೂ ಅದರಲ್ಲಿ ಒಂದು ಕಷ್ಟವಿತ್ತು, ಆ ಕಷ್ಟವೇ ಅದಕ್ಕೆ ಮರ್ಯಾದೆ ಕೊಟ್ಟಿತ್ತು.

ಜೀಪು ಬಂದು ಆ ಕಷ್ಟವನ್ನು ಅಳಿಸಿತು. ಜಿಂಕೆ, ಕಡವೆಗಳ ಕಣ್ಣಿನ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಒಂದು ಪದರವಿದೆ. ಮಂದ ಬೆಳಕಿನಲ್ಲೂ ಕಾಣಲು ಪ್ರಕೃತಿ ಮಾಡಿಕೊಟ್ಟ ಅನುಕೂಲ ಅದು. ಪ್ರಖರ ದೀಪ ಬಿದ್ದರೆ ಅದೇ ಪದರ ಫಳಕ್ಕನೆ ಹೊಳೆದು ಪ್ರಾಣಿ ನಿಂತ ಜಾಗವನ್ನು ತೋರಿಸಿಕೊಡುತ್ತದೆ. ಕತ್ತಲಿಗೆ ಹೊಂದಿಕೊಂಡ ಕಣ್ಣು ಆ ಬೆಳಕಿಗೆ ಕುರುಡಾಗಿ, ಪ್ರಾಣಿ ಅಲುಗದೆ ನಿಲ್ಲುತ್ತದೆ. ಈಡುಗಾರನಿಗೆ ಗಾಳಿಯ ದಿಕ್ಕು, ಹೆಜ್ಜೆಯ ಗುರುತು, ತಾಳ್ಮೆ ಯಾವುದೂ ಬೇಕಿಲ್ಲ.

ಇದನ್ನು ಕಾನೂನು ಬರೆದವರೂ ಬಲ್ಲವರಾಗಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಬೇಟೆ ಪೂರ್ತಿ ನಿಂತಿರಲಿಲ್ಲ, ಕೆಲವು ಪ್ರಾಣಿಗಳಿಗೆ ಲೈಸೆನ್ಸ್ ಕೊಡುವ ಅವಕಾಶ ಉಳಿದಿತ್ತು. ಆ ಕಾಯ್ದೆಯ 17ನೇ ಸೆಕ್ಷನ್ ನನಗೆ ಬಲು ಇಷ್ಟ. ಲೈಸೆನ್ಸ್ ಇದ್ದವನೂ ಏನೇನು ಮಾಡಬಾರದು ಎಂಬ ಪಟ್ಟಿ ಅದು. ಚಕ್ರದ ಗಾಡಿಯಿಂದಾಗಲಿ ಯಂತ್ರದ ವಾಹನದಿಂದಾಗಲಿ ಬೇಟೆಯಾಡಬಾರದು. ಮೋಟಾರು ಗಾಡಿಯಿಂದ ಪ್ರಾಣಿಗಳನ್ನು ಅಟ್ಟಬಾರದು. ಸೂರ್ಯ ಮುಳುಗಿದ ಮೇಲೆ ಬೇಟೆ ಕೂಡದು, ಕೃತಕ ಬೆಳಕು ಕೂಡದು. ಹೊಡೆದು ಹಾಕಿದ ದನದ ಹತ್ತಿರ ಮಾಂಸಾಹಾರಿ ಪ್ರಾಣಿಗೆ ಕಾದು ಕೂರುವವರಿಗೆ ಮಾತ್ರ ವಿಶೇಷ ಅನುಮತಿ. ಉಪ್ಪುನೆಲಕ್ಕೆ ಬಂದ ಪ್ರಾಣಿಯನ್ನು ಹೊಡೆಯಬಾರದು. ನೀರು ಕುಡಿಯುವ ಜಾಗದಲ್ಲೂ, ಅಲ್ಲಿಗೆ ಹೋಗುವ ದಾರಿಯಲ್ಲೂ ಕೊಲ್ಲಬಾರದು. ಪಿರಿಯಾಪಟ್ಟಣದ ಆ ತಂದೆಗೆ ಹೇಳಿಕೊಳ್ಳಲಾಗದೆ ಹೋದದ್ದನ್ನೇ ಸಂಸತ್ತು ಅಕ್ಷರದಲ್ಲಿ ಬರೆದಿತ್ತು. 1991ರ ತಿದ್ದುಪಡಿ ಬೇಟೆಯನ್ನೇ ನಿಷೇಧಿಸಿದ್ದರಿಂದ ಆ ಸೆಕ್ಷನ್ ಕೈಬಿಟ್ಟುಹೋಯಿತು. ಕಾನೂನು ಪುಸ್ತಕದಿಂದ ಹೋಗಿದ್ದರೂ ಅದನ್ನು ಶಾಲೆಯ ಮಕ್ಕಳಿಗೆ ಓದಿಸಬೇಕು. ನೀರಿಗೆ ಬಂದ ಜೀವವನ್ನು ಕೊಲ್ಲಬಾರದು ಎಂಬಷ್ಟು ಸೂಕ್ಷ್ಮವನ್ನು ಕಾಯ್ದೆಯ ಭಾಷೆಯಲ್ಲಿ ನಾನು ಬೇರೆಲ್ಲೂ ಓದಿಲ್ಲ.

ವಾಹನದ ದುರಾಸೆ ಎಲ್ಲಿಯವರೆಗೆ ಹೋಗಬಹುದೆಂದು ತಿಳಿಯಲು ರಾಜಸ್ಥಾನದ ಕೋಟಾ ಸಂಸ್ಥಾನದ ಕಡೆ ನೋಡಬೇಕು. ಅಲ್ಲಿಯ ಮಹಾರಾವ್ ಎರಡನೇ ಉಮೇದ್ ಸಿಂಗ್ 1925ರಲ್ಲಿ ಹುಲಿಬೇಟೆಗೆಂದೇ ಒಂದು ರೋಲ್ಸ್ ರಾಯ್ಸ್ ಮಾಡಿಸಿಕೊಂಡರು. ಕಾಡನ್ನು ಬೆಳಗುವ ದೊಡ್ಡ ಶೋಧದೀಪಗಳು ಅದರಲ್ಲಿದ್ದವು. ಹಿಂದೆ ಎಳೆದೊಯ್ಯುವ ಗಾಡಿಯ ಮೇಲೆ ಬಹುನಳಿಗೆಯ ಬಂದೂಕನ್ನೂ ಕೂರಿಸಿದ್ದರು. ರಾಜರಿಗಷ್ಟೇ ಎಟಕುತ್ತಿದ್ದ ಈ ಅನುಕೂಲವನ್ನು ಯುದ್ಧಾನಂತರದ ಜೀಪು ಸಾಮಾನ್ಯ ಉಳ್ಳವರಿಗೂ ತಲುಪಿಸಿತು. ಮಹೀಂದ್ರ ಕಂಪನಿ 1947ರಿಂದ ಇಲ್ಲೇ ಜೀಪು ಜೋಡಿಸತೊಡಗಿತು. ಅತ್ತ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯಲ್ಲಿ ಹುಲಿ ಚರ್ಮ ಹದ ಮಾಡುವ ಕೆಲಸ ಭರದಿಂದ ಸಾಗಿತ್ತು. 1972ರ ಗಣತಿಯಲ್ಲಿ ದೇಶದಲ್ಲಿ ಸಿಕ್ಕ ಹುಲಿಗಳು 1,827. ಕಾಡು ಕಡಿತದ ಪಾಲು ಅದರಲ್ಲಿ ದೊಡ್ಡದು, ನಿಜ. ಆದರೆ ಜೀಪು ಮತ್ತು ಶೋಧದೀಪದ ಜೋಡಿಯನ್ನು ಆ ಲೆಕ್ಕದಿಂದ ಹೊರಗಿಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಅಮೆರಿಕದಲ್ಲಿ ಎಟಿವಿ ಇಂದಿಗೂ ಬೇಟೆಯ ಸಂಗಾತಿ. ಅಲ್ಲೂ ಬಹುತೇಕ ರಾಜ್ಯಗಳಲ್ಲಿ ಓಡುತ್ತಿರುವ ಗಾಡಿಯಿಂದ ಗುಂಡು ಹೊಡೆಯುವುದು ಅಪರಾಧ. ಗಾಡಿಯಲ್ಲಿ ಕಾಡಿನ ಅಂಚಿಗೆ ಹೋಗಬಹುದು, ಬಿದ್ದ ಪ್ರಾಣಿಯನ್ನು ಎಳೆದು ತರಬಹುದು, ನಡುವಿನ ಕೆಲಸ ಕಾಲ್ನಡಿಗೆಯದು. ನಮ್ಮಲ್ಲಿ ಎಟಿವಿ ಸಿಗುವುದು ಹೆಚ್ಚಾಗಿ ರೆಸಾರ್ಟುಗಳಲ್ಲಿ. ಆದರೆ ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನಲ್ಲಿ ರಾತ್ರಿ ಸವಾರಿಯ ಆಕರ್ಷಣೆ ಬೆಳೆದರೆ ಅದು ಎಲ್ಲಿಗೆ ಮುಟ್ಟುತ್ತದೆ ಎಂದು ಹಳೆಯ ಜೀಪು ಹೇಳಿಕೊಟ್ಟಿದೆ. ಕಾಡಿಲ್ಲದ ಕೃಷ್ಣರಾಜನಗರದ ಕಬ್ಬಿನ ಗದ್ದೆಗಳಲ್ಲೂ ಚಿರತೆ ಮರಿ ಹಾಕುತ್ತದೆ. ದೀಪ ಹಿಡಿದು ಗದ್ದೆಗೆ ನುಗ್ಗುವ ಗಾಡಿ ಅಲ್ಲಿಯೂ ಅಪಾಯ ತರುತ್ತದೆ. ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಬೇಟೆಗೆ ಬಳಸಿದ ವಾಹನವು ಅಪರಾಧ ಸಾಬೀತಾದರೆ ಸರ್ಕಾರದ ಸ್ವತ್ತು. ಈ ಮಾತು ಗಾಡಿ ಮಾರುವ ಅಂಗಡಿಯಲ್ಲೇ ಗ್ರಾಹಕರಿಗೆ ತಿಳಿಯಬೇಕು.

ಜೀಪನ್ನು ದೂಷಿಸಿ ಸುಮ್ಮನಾಗುವುದು ನ್ಯಾಯವಲ್ಲ. ದಮ್ಮನಕಟ್ಟೆಯಿಂದ ಹೊರಡುವ ಸಫಾರಿ ಗಾಡಿಗಳಿಂದಾಗಿಯೇ ಕೋವಿ ಹಿಡಿಯದೆ ಹುಲಿ ನೋಡುವ ಸಂತೋಷ ನಮ್ಮ ಮಕ್ಕಳಿಗೆ ಸಿಕ್ಕಿದೆ. ಬೆಂಕಿ ಬಿದ್ದಾಗ ಸಿಬ್ಬಂದಿಯನ್ನು ಹೊತ್ತು ಓಡುವುದೂ ಗಾಡಿಯೇ. ಆದರೂ ಊರಿಗೆ ಬಂದ ಹುಲಿಯನ್ನು, ಕಾಡಾನೆಯನ್ನು ಹಿಡಿಯುವ ಹೊತ್ತಿಗೆ ಇಲಾಖೆ ಮೊರೆಹೋಗುವುದು ಮತ್ತಿಗೋಡು, ಬಳ್ಳೆ ಶಿಬಿರಗಳ ಆನೆಗಳನ್ನೇ. ಬಳ್ಳೆಯ ಆನೆ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಪ್ರಾಣ ಬಿಟ್ಟದ್ದು ಅಂಥ ಕೆಲಸದಲ್ಲೇ.

ಇನ್ನು ಕಳ್ಳಬೇಟೆಗಾರ ಕಟ್ಟುವ ತಂತಿಯ ಉರುಳು ಯಾವ ವಾಹನಕ್ಕೂ ಕಾಣುವುದಿಲ್ಲ. ಅದನ್ನು ಹುಡುಕುವುದು ಕಳ್ಳಬೇಟೆ ತಡೆ ಶಿಬಿರದಿಂದ ದಿನವೂ ನಡೆದು ಹೊರಡುವ ವಾಚರ್. ಹೆಜ್ಜೆ ಓದುವ ವಿದ್ಯೆ ಬಲ್ಲ ಹಾಡಿಯ ಹುಡುಗರು ಅವರಲ್ಲಿ ಎಷ್ಟೋ ಮಂದಿ. ಅರಸರ ಕಾಲದಲ್ಲಿ ಬೇಟೆಗೆ ದುಡಿದ ಆ ವಿದ್ಯೆ ಈಗ ಕಾವಲಿಗೆ ನಿಂತಿದೆ, ಅದೂ ಬಹುಪಾಲು ಹೊರಗುತ್ತಿಗೆ, ದಿನಗೂಲಿಯ ಮೇಲೆ. ಕಾಡಿಗೆ ಹೊಸ ಗಾಡಿ ಮಂಜೂರು ಮಾಡುವ ಮುನ್ನ ಸರ್ಕಾರ ಈ ನಡೆಯುವವರ ನೌಕರಿಯನ್ನು ಕಾಯಂ ಮಾಡಬೇಕು.